31ನೇ ಸೆಕೆಂಡಿನಲ್ಲಿ ಹೊರಟುಹೋದ ಅರೆಕೊಲಿನ್

ಬದಿಯಡ್ಕದ ಹತ್ತಿರ ನಮ್ಮ ಮನೆ. ಅಪ್ಪನಿಗೆ ಅಡಿಕೆ ತೋಟ, ನನಗೆ ಅಡಿಕೆಯೊಳಗಿನ ಅರೆಕೊಲಿನ್. ಬರೀ 24 ಪರಮಾಣುಗಳ ಪುಟ್ಟ ಅಣು ಅದು. ಅಡಿಕೆ ಜಗಿದಾಗ ಬಾಯಲ್ಲಿ ನೀರೂರುತ್ತದಲ್ಲ, ಅದಕ್ಕೆ ಕಾರಣ ಈ ಅಣು ಮಸ್ಕರಿನಿಕ್ ರಿಸೆಪ್ಟರ್ ಎಂಬ ಪ್ರೋಟೀನಿಗೆ ಹೋಗಿ ಕೂರುವುದು. ಆ ಕೂರುವಿಕೆಯನ್ನು, ಅಣುಗಳ ಓಡಾಟ ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿಸಿ, ವಿಎಂಡಿ ಎಂಬ ಇನ್ನೊಂದರಲ್ಲಿ ಸಿನಿಮಾ ಮಾಡಿ ತೋರಿಸುವುದು ಆಗ ನನ್ನ ಕೆಲಸ.

100 ನ್ಯಾನೋಸೆಕೆಂಡಿನ ಸಿಮ್ಯುಲೇಶನ್, ಅಂದರೆ ಅಣುಗಳ ಅಷ್ಟು ಹೊತ್ತಿನ ಓಡಾಟದ ಲೆಕ್ಕ. 10 ಪಿಕೋಸೆಕೆಂಡಿಗೊಂದರಂತೆ 10,000 ಫ್ರೇಮು. ನೀರು, ಕೊಬ್ಬಿನ ಪದರ ಎಲ್ಲ ಸೇರಿ 60 ಸಾವಿರ ಪರಮಾಣು. ಮೊದಲ ಸಲ ಹಾಗೇ ತೆರೆಯಲು ಹೋಗಿ ಲ್ಯಾಪ್‌ಟಾಪು ಮಲಗಿತು. ಆಮೇಲೆ ಕೂತು ಲೆಕ್ಕ ಹಾಕಿದೆ: ಒಂದು ಪರಮಾಣುವಿಗೆ ಫ್ರೇಮಿಗೆ 12 ಬೈಟ್, ಅಂದರೆ ಒಟ್ಟು 7.2 ಜಿಬಿ. ನನ್ನ ಹತ್ತಿರ ಇದ್ದದ್ದೇ 8 ಜಿಬಿ ರ‍್ಯಾಮು! ನೀರನ್ನೂ ಕೊಬ್ಬನ್ನೂ ತೆಗೆದು, ಹತ್ತಕ್ಕೊಂದು ಫ್ರೇಮು ಇಟ್ಟುಕೊಂಡೆ. ಸೆಕೆಂಡಿಗೆ 20 ಫ್ರೇಮಿನಂತೆ 50 ಸೆಕೆಂಡಿನ ಸಿನಿಮಾ.

ಅಣುಗಳು ತುಂಬಾ ನಡುಗುತ್ತವೆ, ನೋಡಿದರೆ ಕಣ್ಣು ನೋಯುತ್ತದೆ. ಅದಕ್ಕೆ ನಡುಕ ತಗ್ಗಿಸುವ ಸ್ಮೂತಿಂಗ್ 10 ಇಟ್ಟೆ. ಎಷ್ಟು ಚೆಂದ ಬಂತು ಅಂದರೆ, 31ನೇ ಸೆಕೆಂಡಿನಲ್ಲಿ ಅರೆಕೊಲಿನ್ ತನ್ನ ಜಾಗ ಬಿಟ್ಟು ಮೆಲ್ಲಗೆ ಜಾರಿ ಹೊರಗೆ ಹೋಯಿತು. ಸ್ವಲ್ಪ ಹೊತ್ತಿಗೆ ವಾಪಸ್ಸೂ ಬಂತು. ಹೋಗಿ ಬಂದದ್ದು ಕಣ್ಣೆದುರೇ ಉಂಟಲ್ಲ! ಸಿನಿಮಾದ ಒಂದು ಸೆಕೆಂಡು ಅಂದರೆ ಲೆಕ್ಕದಲ್ಲಿ 2 ನ್ಯಾನೋಸೆಕೆಂಡು, ಹಾಗಾಗಿ ರಾತ್ರಿಯೇ ಸ್ಲೈಡಿಗೆ ತಲೆಬರಹ ಬರೆದೆ: '62 ನ್ಯಾನೋಸೆಕೆಂಡಿನಲ್ಲಿ ಬಿಡುಗಡೆ'. ಅಪ್ಪನಿಗೂ ತೋರಿಸಿದೆ.

ಸೋಮವಾರ ಲ್ಯಾಬಿನ ಅಕ್ಕ ಒಂದೇ ಪ್ರಶ್ನೆ ಕೇಳಿದರು: "ದೂರದ ಗ್ರಾಫ್ ಎಲ್ಲುಂಟು?"

ಇರಲಿಲ್ಲ. ಅಲ್ಲೇ ಕೂತು ತೆಗೆದೆವು. ಅರೆಕೊಲಿನ್ನಿನ ನೈಟ್ರೋಜನ್ನಿಂದ ಪ್ರೋಟೀನಿನಲ್ಲಿ ಅದನ್ನು ಹಿಡಿದಿಡುವ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲಕ್ಕೆ ಇರುವ ದೂರ ಮೊದಲಿಂದ ಕೊನೆವರೆಗೂ ಅಷ್ಟೇ. ಗೆರೆ ನೆಟ್ಟಗೆ ಮಲಗಿತ್ತು. ಸಿನಿಮಾದಲ್ಲಿ ಹೋದ ಅಣು ಲೆಕ್ಕದಲ್ಲಿ ಹೋಗಿರಲೇ ಇಲ್ಲ.

ಹಳೇ ಮೊಬೈಲಿನ ಹಾವಿನ ಆಟ ನೆನಪುಂಟಾ? ಬಲಗಡೆ ಹೊರಗೆ ಹೋದ ಹಾವು ಎಡಗಡೆಯಿಂದ ಬರುತ್ತಿತ್ತು. ನಮ್ಮ ಸಿಮ್ಯುಲೇಶನ್ ಪೆಟ್ಟಿಗೆಯದ್ದೂ ಅದೇ ನಿಯಮ. ಪ್ರೋಟೀನು ತೇಲುತ್ತಾ ಪೆಟ್ಟಿಗೆಯ ಅಂಚಿಗೆ ಬಂದಿತ್ತು. ಅದರ ನಡುಬಿಂದು ಒಳಗೆ, ಅರೆಕೊಲಿನ್ನಿನದ್ದು ಕೂದಲೆಳೆಯಷ್ಟು ಆಚೆ. ಫ್ರೇಮುಗಳನ್ನು ತಿದ್ದುವ ಟ್ರೇಜ್‌ಕಾನ್ವ್ ಎಂಬ ಗ್ರೋಮ್ಯಾಕ್ಸ್ ಕಮಾಂಡಿನಲ್ಲಿ ನಾನು ಸುಮ್ನೆ 'ಪಿಬಿಸಿ ಮೋಲ್' (ನಡುಬಿಂದು ಪೆಟ್ಟಿಗೆಯ ಆಚೆ ಹೋದ ಅಣುವನ್ನು ಇಡಿಯಾಗಿ ಒಳಗೆ ತರುವ ಆಯ್ಕೆ) ಕೊಟ್ಟಿದ್ದೆ, ಪ್ರೋಟೀನನ್ನು ಪೆಟ್ಟಿಗೆಯ ನಡುವಿಗೆ ತಂದು ಸೆಂಟರ್ ಮಾಡಿರಲಿಲ್ಲ. ಪಾಪ, ಅದು ಅರೆಕೊಲಿನ್ ಒಂದನ್ನೇ ಎತ್ತಿ ಎದುರು ಗೋಡೆಗೆ ಹಾಕಿತು. ದೂರ ಲೆಕ್ಕ ಹಾಕುವ ಕಮಾಂಡಿಗೆ ಈ ಆಚೆ-ಈಚೆ ಗೊತ್ತು, ಹಾಗಾಗಿ ಅದು ಮೋಸ ಹೋಗಲಿಲ್ಲ.

ಸ್ಮೂತಿಂಗ್ ತೆಗೆದು, ಹತ್ತಕ್ಕೊಂದಲ್ಲದ ಪೂರ್ತಿ ಫ್ರೇಮುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಒಂದು ಫ್ರೇಮಿನಲ್ಲಿ ಒಳಗೆ, ಮುಂದಿನದ್ದರಲ್ಲಿ 8 ನ್ಯಾನೋಮೀಟರ್ ಆಚೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 800 ಮೀಟರ್ ವೇಗ, ಅದೂ ಅಷ್ಟು ಇಕ್ಕಟ್ಟಿನಲ್ಲಿ! ಸ್ಮೂತಿಂಗ್ ಹಿಂದಿನ ಹತ್ತು, ಮುಂದಿನ ಹತ್ತು ಫ್ರೇಮಿನ ಸರಾಸರಿ ತೆಗೆದು ಆ ನೆಗೆತವನ್ನು ಒಂದು ಸೆಕೆಂಡಿನ ಜಾರಾಟ ಮಾಡಿತ್ತು. ನೆಗೆದದ್ದು ಕಂಡಿದ್ದರೆ ನನಗೆ ಆವತ್ತೇ ಡೌಟು ಬರುತ್ತಿತ್ತು. ಇನ್ನೊಂದು ತಮಾಷೆ ಆಮೇಲೆ ಕಂಡದ್ದು: ಅರೆಕೊಲಿನ್ನಿನ ಎರಡು ಮೀಥೈಲ್ ಗುಂಪುಗಳು ಗಿರಗಿರ ತಿರುಗುತ್ತವಲ್ಲ, ಸರಾಸರಿಯಲ್ಲಿ ಅವುಗಳ ಹೈಡ್ರೋಜನ್‌ಗಳು ನಡುವೆ ಮುದುಡಿ ಕೂತಿದ್ದವು. ಇದು ಸಿನಿಮಾ ಪೂರ್ತಿ ಇತ್ತು, ನಾನು ನೋಡಿರಲಿಲ್ಲ.

ಈಗ ನನ್ನ ಕ್ರಮ ಹೀಗೆ. ಮೊದಲು ಪೆಟ್ಟಿಗೆಯ ಅಂಚಿನಲ್ಲಿ ಮುರಿದ ಅಣುಗಳನ್ನು 'ಹೋಲ್' (whole, ಇಡಿಯಾಗಿ) ಕೊಟ್ಟು ಜೋಡಿಸುತ್ತೇನೆ. ಆಮೇಲೆ ಪ್ರೋಟೀನನ್ನು ಸೆಂಟರ್ ಮಾಡಿ 'ಪಿಬಿಸಿ ಮೋಲ್'. ಫಿಟ್ ಮಾಡುವುದು, ಅಂದರೆ ಪ್ರತಿ ಫ್ರೇಮಿನ ಪ್ರೋಟೀನನ್ನು ತಿರುಗಿಸಿ ಒಂದರ ಮೇಲೊಂದು ಕೂರಿಸುವುದು, ಕಡೆಗೆ, ಬೇರೆ ಕಮಾಂಡಿನಲ್ಲಿ. ಮೊದಲೇ ತಿರುಗಿಸಿ ಫಿಟ್ ಮಾಡಿದರೆ ಪೆಟ್ಟಿಗೆಯ ಗೋಡೆ ಎಲ್ಲಿತ್ತು ಅಂತ ಲೆಕ್ಕ ತಪ್ಪುತ್ತದೆ. ಸ್ಮೂತಿಂಗ್ ಪ್ರೋಟೀನಿಗೆ ಮಾತ್ರ, ಅದೂ 2 ಅಥವಾ 3. ಅರೆಕೊಲಿನ್ನಿಗೆ ಸೊನ್ನೆ, ನಡುಗಿದರೆ ನಡುಗಲಿ.

ಸರಿ ಮಾಡಿದ ಸಿನಿಮಾವನ್ನೂ ಅಪ್ಪನಿಗೆ ತೋರಿಸಿದೆ. ಎಲೆಗೆ ಸುಣ್ಣ ಹಚ್ಚುತ್ತಾ 50 ಸೆಕೆಂಡೂ ನೋಡಿದರು.

"ಇದು ಎಲ್ಲಿಗೂ ಹೋಗುವುದಿಲ್ವಾ?"

"ಇಲ್ಲಪ್ಪ, ಅಲ್ಲೇ ಇರುತ್ತದೆ."

"ಮೊದಲಿನದ್ದೇ ಲಾಯಕ್ಕಿತ್ತು ಮಾರಾಯ."