ದೊಡ್ಡ ಟರ್ಬೊ, ತೆಳುವಾದ ಗಾಳಿ

ಇಂದು ಬೆಳಿಗ್ಗೆ ನಮ್ಮ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರು ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ನಿಂತಿದ್ದಾಗ ನಾನು ಮತ್ತೆ ಮತ್ತೆ ನೋಡಿದ್ದು ಅಶ್ವಶಕ್ತಿಯ ಅಂಕಿಯನ್ನಲ್ಲ, ಬೂಸ್ಟ್ (ಟರ್ಬೊ ಹೆಚ್ಚಿಸುವ ಗಾಳಿಯ ಒತ್ತಡ) ಗೆರೆ ಮೇಲೇಳಲು ತೊಡಗುವ ಆ ಒಂದು ತಿರುವನ್ನು.

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ, ಕಾರ್ಖಾನೆಯಿಂದಲೇ ಬಂದಿದ್ದ ಐಎಸ್20 ಟರ್ಬೊ ಇದ್ದ ಜಾಗದಲ್ಲಿ ಈಗ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್ ಕಾರಿನ ಐಎಸ್38 ಟರ್ಬೊ ಕೂತಿದೆ. ಇದರೊಳಗೆ ತಿರುಗುವ ಚಕ್ರಗಳು ದೊಡ್ಡವು, ಜಡತ್ವವೂ ಹೆಚ್ಚು. ಹಳೆಯದು ತಟ್ಟನೆ ಎದ್ದುಬಿಡುತ್ತಿದ್ದ ಎಂಜಿನ್ ವೇಗದಲ್ಲಿ ಇದು ಇನ್ನೂ ಉಸಿರು ತುಂಬಿಕೊಳ್ಳುತ್ತಿರುತ್ತದೆ, ಆದರೆ ಮೇಲಿನ ಆರ್‌ಪಿಎಂನಲ್ಲಿ ಹಳೆಯದು ಸೋಲುತ್ತಿದ್ದ ಕಡೆ ಇದು ಒತ್ತಡವನ್ನು ಬಿಡದೆ ಹಿಡಿದಿಡುತ್ತದೆ.

ಲಾಗ್ (ಪರೀಕ್ಷೆಯ ದಾಖಲೆ) ಓದುವಾಗ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್ ಮಾತ್ರವಾದ್ದರಿಂದ, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಲ್ಲಿ 2.4 ಬಾರ್ ನಿರಪೇಕ್ಷ ಒತ್ತಡ (ಶೂನ್ಯದಿಂದ ಅಳೆದದ್ದು) ಬೇಕೆಂದರೆ ಟರ್ಬೊದ ಕಂಪ್ರೆಸರ್ ಗಾಳಿಯ ಒತ್ತಡವನ್ನು 2.6 ಪಟ್ಟಿಗಿಂತಲೂ ಮೇಲೇರಿಸಬೇಕು. ಅದೇ ಕೆಲಸಕ್ಕೆ ಸಮುದ್ರತೀರದ ಮಂಗಳೂರಿನಲ್ಲಿ ಸುಮಾರು 2.4 ಪಟ್ಟು ಸಾಕು. ಚಿಕ್ಕ ಟರ್ಬೊ ಇಷ್ಟು ವರ್ಷ ಈ ಎತ್ತರದಲ್ಲಿ ಎಷ್ಟು ದುಡಿದಿದೆ ಎಂದು ನೆನೆದಾಗ ಅದರ ಮೇಲೆ ಮಮತೆ ಉಕ್ಕಿತು. ಬಿಚ್ಚಿದ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮನೆಗೆ ತಂದಿದ್ದೇನೆ.

ನಾಳೆ ನಾಕ್ (ಇಂಧನ ಅಕಾಲದಲ್ಲಿ ತಾನೇ ಸಿಡಿಯುವುದು) ತಡೆಯುವ 100 ಆಕ್ಟೇನ್ ಪೆಟ್ರೋಲ್ ತುಂಬಿಸಿ, ನಾಕ್‌ನಿಂದಾಗಿ ಇಗ್ನಿಷನ್ (ಕಿಡಿ ಹಾರುವ ಕ್ಷಣ) ಹಿಂದೆ ಸರಿದು ತಡವಾಗುವುದು ಎಷ್ಟು ತಗ್ಗುತ್ತದೆಂದು ಮತ್ತೊಮ್ಮೆ ಅಳೆಯಬೇಕು.