ಕತ್ತಿ ನೋಡು, ಕಥೆ ಆಮೇಲೆ

ಎರಡನೇ ಮಹಾಯುದ್ಧದ ಜಪಾನಿ ಕತ್ತಿಗಳನ್ನು ನೋಡಬೇಕು ಅಂದರೆ ಜಪಾನಿಗೆ ಹೋಗಬೇಡಿ, ಅಮೆರಿಕಕ್ಕೆ ಬನ್ನಿ. ತಮಾಷೆಯಲ್ಲ. 1945ರಲ್ಲಿ ಸೋತ ಮೇಲೆ ಅಲ್ಲಿನ ಸೈನ್ಯದ ಕತ್ತಿಗಳು ಮಾತ್ರವಲ್ಲ, ಮನೆಮನೆಯ ಕತ್ತಿಗಳೂ ರಾಶಿ ಬಿದ್ದವು. ಒಂದಷ್ಟನ್ನು ನಾಶ ಮಾಡಿದರು. ಒಂದಷ್ಟನ್ನು ಅಮೆರಿಕದ ಸೈನಿಕರು ನೆನಪಿಗೆ ಅಂತ ಮನೆಗೆ ತಂದರು. ಆ ಸೈನಿಕರಲ್ಲಿ ಹೆಚ್ಚಿನವರು ಈಗಿಲ್ಲ. ಕತ್ತಿಗಳು ಮಾತ್ರ ನೆಲಮಾಳಿಗೆಗಳಲ್ಲಿ, ಹಳೇ ಟ್ರಂಕುಗಳಲ್ಲಿ ಇನ್ನೂ ಸಿಗುತ್ತಲೇ ಇವೆ.

ನಾನಿರುವುದು ಶಿಕಾಗೋ ಹೊರವಲಯದಲ್ಲಿ. ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಇದ್ದವರು. ಉಕ್ಕನ್ನು ಕಾಯಿಸಿ ಎಣ್ಣೆಗೆ ಅದ್ದಿದರೆ ಏನಾಗುತ್ತದೆ, ನೀರಿಗೆ ಅದ್ದಿದರೆ ಏನಾಗುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತಾಗಿತ್ತು. ಹಾಗಾಗಿ ಈ ಹುಚ್ಚು ಹತ್ತಲು ಹೆಚ್ಚು ದಿನ ಬೇಕಾಗಲಿಲ್ಲ. ಹತ್ತಿಸಿದವನು ನನ್ನ ಗೆಳೆಯ, ಒಬ್ಬ ನಿವೃತ್ತ ಪೋಸ್ಟ್‌ಮನ್. ಅವನ ಬಾಯಲ್ಲಿ ಯಾವಾಗಲೂ ಒಂದೇ ಮಾತು: ಮೊದಲು ಕತ್ತಿ ನೋಡು, ಕಥೆ ಆಮೇಲೆ ಕೇಳು. ಈ ಹವ್ಯಾಸದವರೆಲ್ಲ ಹೇಳುವ ಮಾತೇ ಅದು. ಆದರೆ ಪಾಲಿಸುವವರು ಕಡಿಮೆ.

ಹೋದ ವರ್ಷ ಒಂದು ಶನಿವಾರ ಅವನು ಫೋನ್ ಮಾಡಿದ. ಇಂಡಿಯಾನಾ ಕಡೆಯ ಒಂದು ಊರಿನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಎರಡು ಕತ್ತಿ ಇವೆಯಂತೆ, ಮಾವ ಯುದ್ಧದಿಂದ ತಂದದ್ದಂತೆ, ಬರ್ತೀಯಾ ಅಂದ. ಬರ್ತೀನಿ ಅನ್ನುವಷ್ಟರಲ್ಲಿ ಅವನ ಕಾರು ನಮ್ಮ ಮನೆ ಮುಂದಿತ್ತು.

ದಾರಿಯುದ್ದಕ್ಕೂ ಇಂಥವರು ಮಾತಾಡುವುದು ಎರಡೇ ಕತ್ತಿಗಳ ಬಗ್ಗೆ. ಒಂದು ಹೊಂಜೋ ಮಸಮುನೆ, ಮಸಮುನೆ ಅನ್ನುವ ಹೆಸರಾಂತ ಹಳೇ ಕಮ್ಮಾರ ಮಾಡಿದ್ದು. ಹಿಂದೆ ಜಪಾನನ್ನು ಆಳಿದ ತೊಕುಗಾವ ಮನೆತನದ್ದು, 1939ರಲ್ಲಿ ರಾಷ್ಟ್ರದ ನಿಧಿ ಅಂತ ಘೋಷಣೆಯಾದದ್ದು. 1945ರ ಡಿಸೆಂಬರಿನಲ್ಲಿ ಮನೆತನದವರು ಅದನ್ನು ಟೋಕಿಯೋದ ಮೆಜಿರೋ ಪೊಲೀಸ್ ಠಾಣೆಗೆ ಒಪ್ಪಿಸಿದರು. ಮುಂದಿನ ತಿಂಗಳು ಯಾರೋ ಒಬ್ಬ ಅಮೆರಿಕನ್ ಸಾರ್ಜೆಂಟ್ ತೆಗೆದುಕೊಂಡು ಹೋದನಂತೆ. ಇವತ್ತಿಗೂ ಪತ್ತೆಯಿಲ್ಲ. ಇನ್ನೊಂದು ಸಿಕ್ಕಿದ ಕತ್ತಿ. ಎಲ್ಕಾರ್ಟ್ ಊರಿನ ಡಾಕ್ಟರ್ ವಾಲ್ಟರ್ ಕಾಂಪ್ಟನ್ ಕೈಗೆ ಬಂದ ಒಂದು ಕತ್ತಿ, ಜಪಾನಿನ ಕಾಗೋಶಿಮಾದ ತೆರುಕುನಿ ದೇಗುಲದಿಂದ ಕಾಣೆಯಾಗಿದ್ದ ಕುನಿಮುನೆ, ಅಂದರೆ ಆ ಹೆಸರಿನ ಹಳೇ ಕಮ್ಮಾರ ಮಾಡಿದ ಕತ್ತಿ ಅಂತ ಗೊತ್ತಾಯಿತು. ಅವರು 1960ರ ದಶಕದಲ್ಲಿ ಅದನ್ನು ಒಂದು ಪೈಸೆ ತೆಗೆದುಕೊಳ್ಳದೆ ವಾಪಸ್ ಕೊಟ್ಟರು. ಎಲ್ಕಾರ್ಟ್ ಇರುವುದೂ ಇಂಡಿಯಾನಾದಲ್ಲೇ. ಆ ರಾಜ್ಯದ ಗಡಿ ದಾಟಿದರೆ ನನ್ನ ಗೆಳೆಯನ ಎದೆಬಡಿತ ಜಾಸ್ತಿಯಾಗುವುದಕ್ಕೆ ಇದೇ ಕಾರಣ.

ಅಜ್ಜಿ ಊಟದ ಮೇಜಿನ ಮೇಲೆ ಹಳೇ ಕಂಬಳಿ ಹಾಸಿ ಎರಡನ್ನೂ ಇಟ್ಟಿದ್ದರು. ಕಾಫಿ ಕೊಡುವ ಮೊದಲೇ ಕಥೆ ಶುರುವಾಯಿತು. ಮಾವ ಫಿಲಿಪ್ಪೀನ್ಸಿನ ಕಾಡಿನಲ್ಲಿ ಒಬ್ಬ ಕರ್ನಲ್ ಜೊತೆ ಕೈಕೈ ಮಿಲಾಯಿಸಿ ದೊಡ್ಡ ಕತ್ತಿಯನ್ನು ಕಿತ್ತುಕೊಂಡರಂತೆ. ಅದು ಮುನ್ನೂರು ವರ್ಷ ಹಳೇ ಸಮುರಾಯ್ ಕತ್ತಿಯಂತೆ. ಗೆಳೆಯ ತಲೆಯಾಡಿಸುತ್ತಾ ಕೈಗವಸು ಹಾಕಿಕೊಂಡ.

ಅಧಿಕಾರಿಗಳ ಕತ್ತಿ ಅದು. ಕಂದು ಬಣ್ಣ ಬಳಿದ ಲೋಹದ ಒರೆ, ತೂಗುಹಾಕಲು ಒಂದೇ ಬಳೆ. ಅಂದರೆ 1938ರಲ್ಲಿ ಬಂದ ಮಾದರಿ. ಅದಕ್ಕೂ ಮುಂಚಿನ 1934ರ ಮಾದರಿಗೆ ಎರಡು ಬಳೆ ಇರುತ್ತಿತ್ತು. ತ್ಸುಬಾ, ಅಂದರೆ ಹಿಡಿಗೂ ಅಲಗಿಗೂ ನಡುವಿನ ಬಿಲ್ಲೆ, ಅದರ ಮೇಲೆ ಚೆರ್ರಿ ಹೂಗಳು. ಹಿಡಿಯ ತುದಿಯ ಕುಚ್ಚು ನೀಲಿ-ಕಂದು. ನೀಲಿ-ಕಂದು ಅಂದರೆ ಲೆಫ್ಟಿನೆಂಟ್ ಇಲ್ಲವೇ ಕ್ಯಾಪ್ಟನ್. ಮೇಜರ್‌ನಿಂದ ಕರ್ನಲ್‌ವರೆಗೆ ಕೆಂಪು-ಕಂದು. ಗೆಳೆಯ ನನ್ನ ಕಡೆ ನೋಡಿದ, ಏನೂ ಹೇಳಲಿಲ್ಲ. ಕುಚ್ಚನ್ನು ಯಾರು ಬೇಕಾದರೂ ಬದಲಾಯಿಸಬಹುದು, ಅದೊಂದರಿಂದ ತೀರ್ಮಾನ ಮಾಡುವಂತಿಲ್ಲ.

ನಕಲಿ ಇರಬಹುದಾ ಅನ್ನುವ ಪ್ರಶ್ನೆಗೆ ಹಿಡಿಯೇ ಉತ್ತರ ಕೊಡುತ್ತದೆ. ಜಪಾನಿ ಹಿಡಿಗೆ ಕೆಳಗೆ ತೊರಕೆ ಮೀನಿನ ಚರ್ಮ, ಮೇಲೆ ಹತ್ತಿಯ ಪಟ್ಟಿ ಸುತ್ತಿರುತ್ತಾರೆ. ಪಟ್ಟಿ ಹೆಣೆದಾಗ ವಜ್ರಾಕಾರದ ಕಿಂಡಿಗಳು ಮೂಡುತ್ತವೆ. ಒಂದು ಕಡೆ ಎಡಪಟ್ಟಿ ಮೇಲೆ ಬಂದರೆ ಮುಂದಿನದರಲ್ಲಿ ಬಲಪಟ್ಟಿ ಮೇಲೆ, ಹೀಗೆ ಅದಲುಬದಲಾಗಿ ಹೋಗಬೇಕು. ಈಗಿನ ಅಗ್ಗದ ನಕಲುಗಳಲ್ಲಿ ಸಾಮಾನ್ಯವಾಗಿ ಒಂದೇ ಪಟ್ಟಿ ಎಲ್ಲ ಕಡೆ ಮೇಲಿರುತ್ತದೆ. ಅಷ್ಟು ತಾಳ್ಮೆ ಯಾರಿಗಿದೆ? ಇಲ್ಲಿನ ಬಂದೂಕು ಸಂತೆಗಳಲ್ಲಿ ಅಂಥವು ಗುಡ್ಡೆ ಗುಡ್ಡೆ ಬಿದ್ದಿರುತ್ತವೆ. ಒರೆಯ ಮೇಲೆ ಡ್ರ್ಯಾಗನ್ ಕಂಡರಂತೂ ಅಲ್ಲಿ ನಿಲ್ಲಲೇಬೇಡಿ. ಅಜ್ಜಿಯ ಕತ್ತಿಯಲ್ಲಿ ಪಟ್ಟಿ ಸವೆದು ಹೋಗಿತ್ತು, ಆದರೆ ಹೆಣಿಗೆ ಸರಿಯಾಗಿತ್ತು. ಕಿಂಡಿಗಳಲ್ಲಿ ಮೀನಿನ ಚರ್ಮದ ಕಾಳುಗಳು ಒಂದೊಂದು ಒಂದೊಂದು ಗಾತ್ರದಲ್ಲಿದ್ದವು.

ನಿಜವಾದ ವಿಷಯ ಇರುವುದು ಹಿಡಿಯ ಒಳಗೆ. ಅಲಗಿನ ಬುಡ ಹಿಡಿಯೊಳಗೆ ಕೂತಿರುತ್ತದೆ, ಅದನ್ನು ನಾಕಾಗೊ ಅನ್ನುತ್ತಾರೆ. ಒಂದು ಸಣ್ಣ ಬಿದಿರಿನ ಗೂಟ ಅದನ್ನು ಹಿಡಿದಿಟ್ಟಿರುತ್ತದೆ. ಗೂಟದ ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ಸಣ್ಣ ಕಡೆಯಿಂದ ಮೆಲ್ಲಗೆ ಬಡಿಯಬೇಕು. ಹಿಡಿ ಜಪ್ಪಯ್ಯ ಅಂದರೂ ಬರಲಿಲ್ಲ. ಇಷ್ಟು ವರ್ಷ ಅದನ್ನು ಯಾರೂ ಬಿಚ್ಚಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಗೆಳೆಯ ತ್ಸುಬಾದ ಮೇಲೆ ಮರದ ತುಂಡಿಟ್ಟು ತಟ್ಟಿದ, ಮಾತಾಡಿದ, ಮತ್ತೆ ತಟ್ಟಿದ. ಕಾಫಿ ಆರಿತು. ಕೊನೆಗೆ ಹಿಡಿ ಜಾರಿತು. ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು, ಇದ್ದ ಕ್ರಮದಲ್ಲೇ ಜೋಡಿಸಿಟ್ಟೆವು. ಎಲ್ಲದರ ಮೇಲೂ ಒಂದೇ ನಂಬರ್ ಕೊರೆದಿತ್ತು. ಅಂದರೆ ಬೇರೆ ಬೇರೆ ಕತ್ತಿಗಳ ಬಿಡಿಭಾಗ ಸೇರಿಸಿದ್ದಲ್ಲ.

ಆಗಲೇ ಅಜ್ಜಿಯ ಮೊಮ್ಮಗ ಅಡುಗೆಮನೆಯಿಂದ ಸ್ಟೀಲ್ ಉಜ್ಜುವ ಸ್ಕ್ರಬ್ಬರ್ ಹಿಡಿದು ಬಂದ. ಆ ತುಕ್ಕು ತೆಗೆದುಕೊಡಲಾ ಅಂದ, ಪಾಪ. ಗೆಳೆಯ ಅವನ ಕೈ ಹಿಡಿದುಕೊಂಡದ್ದನ್ನು ನೀವು ನೋಡಬೇಕಿತ್ತು! ನಾಕಾಗೊ ಮೇಲಿನ ತುಕ್ಕೇ ಕತ್ತಿಯ ಜಾತಕ. ಅದರ ಬಣ್ಣ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ನೂರಾರು ವರ್ಷದ್ದಾದರೆ ಕಪ್ಪಗೆ, ಕೈಗೆ ಅಂಟದ ಹಾಗೆ ಗಟ್ಟಿಯಾಗಿರುತ್ತದೆ. ಉಜ್ಜಿದರೆ ಎಲ್ಲ ಹೋಯಿತು.

ಈ ಕತ್ತಿಯ ತುಕ್ಕು ತೆಳ್ಳಗೆ, ಕಂದು. ಕೆಳಗೆ ಅರದ ಗೀರುಗಳು ಇನ್ನೂ ಹೊಸದಾಗಿಯೇ ಕಾಣುತ್ತಿದ್ದವು. ಉಳಿಯಲ್ಲಿ ಕೊರೆದ ಸಹಿ ಇತ್ತು: ನೋಶು ಸೆಕಿ ಜೂ, ಅಂದರೆ ಜಪಾನಿನ ಮಿನೋ ಪ್ರಾಂತ್ಯದ ಸೆಕಿ ಊರಿನ ವಾಸಿ. ಆಮೇಲೆ ಹೆಸರು. ಮೊದಲ ಅಕ್ಷರ ಕಾನೆ, ಸೆಕಿಯ ಎಷ್ಟೋ ಕತ್ತಿ ಕಮ್ಮಾರರ ಹೆಸರು ಶುರುವಾಗುವುದೇ ಹಾಗೆ. ಎರಡನೆಯದನ್ನು ತುಕ್ಕು ತಿಂದಿತ್ತು. ಸಹಿಯ ಮೇಲ್ಗಡೆ ಒಂದು ಪುಟ್ಟ ಮುದ್ರೆ, ಒಳಗೆ ಸೆಕಿ ಅನ್ನುವ ಅಕ್ಷರ. ಅಲ್ಲಿಗೆ ಮುನ್ನೂರು ವರ್ಷದ ಮಾತು ಮುಗಿಯಿತು. ಈ ಮುದ್ರೆ ಯುದ್ಧಕಾಲದ್ದು. ಹಳೇ ಪದ್ಧತಿಯಲ್ಲಿ ಮಡಚಿ ಮಡಚಿ ಬಡಿದು, ನೀರಿಗೆ ಅದ್ದಿ ಮಾಡಿದ್ದಲ್ಲ, ಎಣ್ಣೆಯಲ್ಲಿ ಹದಕೊಟ್ಟ ಅಲಗು ಅಂತ ಸಾಮಾನ್ಯವಾಗಿ ಅದರ ಅರ್ಥ. ನಕ್ಷತ್ರದ ಮುದ್ರೆ ಇದ್ದಿದ್ದರೆ ಲೆಕ್ಕ ಬೇರೆ. ಸೈನ್ಯ ಒಪ್ಪಿದ ಕಮ್ಮಾರರು ಹಳೇ ರೀತಿಯಲ್ಲೇ ಮಾಡಿದ ಕತ್ತಿಗಳಿಗೆ ಆ ನಕ್ಷತ್ರ. ಭೂತಗನ್ನಡಿ ಹಿಡಿದು ನಾನು ಅಂಚಿನ ಬಿಳಿ ಗೆರೆ ನೋಡಿದೆ. ನೀರಿಗೆ ಅದ್ದಿದ ಉಕ್ಕಿನಲ್ಲಿ ಆ ಗೆರೆಯೊಳಗೆ ಮಿಣುಕು ಹರಳುಗಳು ಕಾಣಬಹುದು. ಇಲ್ಲಿ ಎಷ್ಟು ಓರೆ ಮಾಡಿದರೂ ಒಂದೂ ಇಲ್ಲ.

ನನಗೆ ನಿಜವಾಗಿ ಖುಷಿಯಾದದ್ದು ಎರಡನೇ ಕತ್ತಿ ನೋಡಿ. ಅಜ್ಜಿ ಅದನ್ನು ಆಟದ ಸಾಮಾನು ಅಂದುಕೊಂಡಿದ್ದರು. ಹಿಡಿಯಲ್ಲಿ ಪಟ್ಟಿಯೂ ಇಲ್ಲ, ಮೀನಿನ ಚರ್ಮವೂ ಇಲ್ಲ. ಇಡೀ ಹಿಡಿ ಅಲ್ಯೂಮಿನಿಯಂ ಎರಕ, ಪಟ್ಟಿ ಸುತ್ತಿದ ಹಾಗೆ ಬಣ್ಣ ಬಳಿದದ್ದು. ಇದು 1935ರ ಮಾದರಿ, ಸಾರ್ಜೆಂಟ್‌ಗಳಂಥವರಿಗೆ ಸರ್ಕಾರ ಕೊಡುತ್ತಿದ್ದ ಕಾರ್ಖಾನೆ ಕತ್ತಿ. ಅಲಗಿನ ಮೇಲೆ ಹಿಡಿಗೆ ಹತ್ತಿರ ನಂಬರ್ ಒತ್ತಿರುತ್ತಾರೆ, ಒರೆಯ ಬಾಯಿಯಲ್ಲೂ ಒತ್ತಿರುತ್ತಾರೆ. ಎರಡೂ ಹೊಂದಿದವು. ಸಂಗ್ರಹಕಾರರಿಗೆ ಅದೇ ಹಬ್ಬ.

ದೊಡ್ಡ ಸಂಗ್ರಹಕಾರರು ಇವನ್ನು ಮೂಸಿಯೂ ನೋಡುವುದಿಲ್ಲ. ಕಲೆ ಇಲ್ಲ, ಕಮ್ಮಾರನ ಹೆಸರಿಲ್ಲ ಅಂತಾರೆ. ಇರಲಿ. ನನಗೆ ಇವೇ ಇಷ್ಟ. ಮೊದಮೊದಲು ಹಿಡಿ ತಾಮ್ರದ್ದಿತ್ತು. ಆಮೇಲೆ ಅಲ್ಯೂಮಿನಿಯಂ. ಕೊನೆಕೊನೆಗೆ ಸುಮ್ನೆ ಗೀರು ಹಾಕಿದ ಮರ, ಹೂವಿಲ್ಲದ ಕಬ್ಬಿಣದ ಬಿಲ್ಲೆ, ಮರದ ಒರೆ. ತಾಮ್ರ ಎಲ್ಲಿ ಹೋಯಿತು ಅಂತ ಕೇಳಿದರೆ ಇಡೀ ಯುದ್ಧದ ಕಥೆ ಬರುತ್ತದೆ. ಮಸಮುನೆ ಎಷ್ಟೇ ಚೆಂದ ಇರಲಿ, ಅದನ್ನು ಹೇಳುವುದಿಲ್ಲ ಅಲ್ವಾ?

ಇಷ್ಟರಲ್ಲಿ ಅಜ್ಜಿ ಬಿಸ್ಕತ್ತಿನ ಡಬ್ಬದಿಂದ ಹಳದಿ ಕಾಗದ ತಂದರು. ಸೈನಿಕ ಇಷ್ಟಿಷ್ಟು ವಸ್ತುವನ್ನು ಮನೆಗೆ ಒಯ್ಯಬಹುದು ಅಂತ ಮೇಲಧಿಕಾರಿ ಸಹಿ ಹಾಕಿಕೊಟ್ಟ ಚೀಟಿ. ಇಂಥ ಚೀಟಿ ಸಿಗುವುದೇ ಅಪರೂಪ. "ಕತ್ತಿ, ಎರಡು" ಅಂತ ಬರೆದಿತ್ತು. ತಾರೀಖು 1945ರ ಅಕ್ಟೋಬರ್. ಯುದ್ಧ ಮುಗಿದ ಮೇಲೆ, ಜಪಾನಿನಲ್ಲಿ ಕೊಟ್ಟದ್ದು. ರಾಶಿಯಿಂದ ಎತ್ತಿಕೊಂಡು ಬಂದ ಕತ್ತಿಗಳಿರಬೇಕು. ಕೆಳಗೆ ಮಾವನ ಕೆಲಸವೂ ನಮೂದಾಗಿತ್ತು: ಅಡುಗೆಯವ.

ಗೆಳೆಯ ಕಾಗದವನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿ ಜೋರಾಗಿ ನಕ್ಕರು. "ಅಡುಗೆಯವರು ಅಂತ ನನಗೆ ಗೊತ್ತಿತ್ತು. ಅವರ ಸಾರು ತಿಂದವಳು ನಾನು. ಕರ್ನಲ್ ಹೇಗೆ ಬಂದ ಅಂತ ಮಾತ್ರ ಗೊತ್ತಿರಲಿಲ್ಲ!"

ಆಮೇಲೆ ಅವರು ಕೇಳಿದ ಪ್ರಶ್ನೆ ಬೆಲೆಯದ್ದಲ್ಲ. ಇವನ್ನು ಜಪಾನಿಗೆ ವಾಪಸ್ ಕಳಿಸಬಹುದಾ ಅಂದರು. ಆಗುವುದಿಲ್ಲ. ಅಲ್ಲಿನ ಕಾನೂನಿನಲ್ಲಿ ಹಳೇ ಪದ್ಧತಿಯಲ್ಲಿ ಮಾಡಿದ, ಕಲೆಯ ಬೆಲೆಯುಳ್ಳ ಕತ್ತಿಗೆ ಮಾತ್ರ ನೋಂದಣಿ ಸಿಗುತ್ತದೆ. ಆ ನೋಂದಣಿ ಚೀಟಿ ಇಲ್ಲದೆ ಅಂಥ ಕತ್ತಿ ಇಟ್ಟುಕೊಳ್ಳುವುದೇ ಅಪರಾಧ. ಕಾರ್ಖಾನೆ ಅಲಗು, ಎಣ್ಣೆಗೆ ಅದ್ದಿದ ಸೆಕಿ ಅಲಗು ಅಲ್ಲಿಗೆ ಹೋದರೆ ನಾಶವೇ ಗತಿ. ಕುನಿಮುನೆ ವಾಪಸ್ ಹೋಗಬಹುದು, ಇವು ಹೋಗುವಂತಿಲ್ಲ. ಸೋತ ಸೈನ್ಯದ ಕತ್ತಿಗೆ ಹುಟ್ಟಿದೂರಲ್ಲೇ ಜಾಗವಿಲ್ಲ, ಗೆದ್ದವರ ಅಟ್ಟದಲ್ಲಿ ಇದೆ.

ಹಾಗಾದರೆ ಇಲ್ಲೇ ಇರಲಿ ಬಿಡಿ ಅಂದರು ಅಜ್ಜಿ. ಬರಿಗೈಯಲ್ಲಿ ಅಲಗು ಮುಟ್ಟಬೇಡ, ಒರೆಯೊಳಗೆ ಎಣ್ಣೆ ಸುರಿಯಬೇಡ, ಅಲಗಿಗೆ ತೆಳುವಾಗಿ ಹೊಲಿಗೆ ಮಷಿನ್ನಿನ ಎಣ್ಣೆ ಒರೆಸಿದರೆ ಸಾಕು ಅಂತ ಗೆಳೆಯ ಮೊಮ್ಮಗನಿಗೆ ಬರೆದುಕೊಟ್ಟ. ಮಾವನ ಆ ಹಳದಿ ಚೀಟಿಯನ್ನು ಕತ್ತಿಗಳ ಜೊತೆಗೇ ಇಡಲು ಹೇಳಿದ. ವಾಪಸ್ ಬರುವಾಗ ಕಾರಿನಲ್ಲಿ ಅವನು ಮೌನವಾಗಿದ್ದ. ಅಲ್ಯೂಮಿನಿಯಂ ಹಿಡಿಯದ್ದನ್ನಾದರೂ ಮಾರುತ್ತಾರೋ ಏನೋ ಕೇಳಬೇಕಿತ್ತು ಅಂತ ಗ್ಯಾರಿ ಊರು ದಾಟಿದ ಮೇಲೆ ಅಂದ. ನಾನು ಆಗಲೇ ಕೇಳಿದ್ದೆ. ಮಾರುವುದಿಲ್ಲವಂತೆ.