ಮಡಿಲಲ್ಲಿ ಕೈಯಿಟ್ಟು ಕಲಿಸಿದವರು

ವಿಮಾನ ಹಾರಿಸುವುದನ್ನು ಕಲಿಸುವವರಿಗೂ ಉಳಿದ ಮೇಷ್ಟರುಗಳಿಗೂ ಒಂದು ವ್ಯತ್ಯಾಸವಿದೆ. ಶಿಷ್ಯ ತಪ್ಪು ಮಾಡಿದರೆ ಇಲ್ಲಿ ಗುರುವೂ ಅವನ ಪಕ್ಕದಲ್ಲೇ, ಅಷ್ಟೇ ಎತ್ತರದಲ್ಲಿ ಕುಳಿತಿರುತ್ತಾರೆ. ಆದ್ದರಿಂದ ಹೆಚ್ಚಿನ ಬೋಧಕರ ಕೈ ಸದಾ ಕಂಟ್ರೋಲಿನ ಹತ್ತಿರವೇ ಸುಳಿದಾಡುತ್ತದೆ. ತಾನು ಹಾರಿಸುತ್ತಿದ್ದೇನೋ ಅವರು ಹಾರಿಸುತ್ತಿದ್ದಾರೋ ತಿಳಿಯದೆಯೇ ಶಿಷ್ಯನ ಎಷ್ಟೋ ಗಂಟೆಗಳು ಕಳೆದುಹೋಗುತ್ತವೆ. ಎಂಬತ್ತರ ದಶಕದಲ್ಲಿ ನಮ್ಮ ಶಾಲೆಯಲ್ಲಿ ಕಲಿತವರಿಗೆ ಈ ಗೊಂದಲ ಇರಲಿಲ್ಲ. ಮೇಡಂ ಪಕ್ಕದಲ್ಲಿದ್ದಾಗ ಅವರ ಎರಡೂ ಕೈಗಳು ಮಡಿಲಲ್ಲಿರುತ್ತಿದ್ದವು. ಶಾಲೆಯ ಎಲ್ಲರಿಗೂ ಅವರು ಬರೀ ‘ಮೇಡಂ’ ಆಗಿದ್ದರು. ಹೆಸರು ಅಚ್ಚಾಗುವುದನ್ನು ಅವರು ಎಂದೂ ಬಯಸಿದವರಲ್ಲವಾದ್ದರಿಂದ ಈ ಬರಹದಲ್ಲಿಯೂ ಹಾಗೆಯೇ ಕರೆಯುತ್ತೇನೆ.

ನಮ್ಮಲ್ಲಿ ಬೋಧಕರಾದ ಮೊದಲ ಮಹಿಳೆ ಅವರು. ಸಮಾರಂಭಗಳಲ್ಲಿ ಯಾರಾದರೂ ಆ ಮಾತೆತ್ತಿ ಹೊಗಳಿದರೆ ಅವರಿಗೆ ಇರಿಸುಮುರಿಸಾಗುತ್ತಿತ್ತು. ಮರುದಿನದ ತರಗತಿಯಲ್ಲಿ ತಮಗಿಂತ ಮುಂಚಿನವರ ಕತೆ ಹೇಳಿ ಲೆಕ್ಕ ಸರಿಮಾಡುತ್ತಿದ್ದರು. 1936ರಲ್ಲಿ ಲಾಹೋರಿನಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದ ಸರಳಾ ಠಕ್ರಾಲ್. ಹಲವು ಕಂಪನಿಗಳು ಬೇಡವೆಂದ ಮೇಲೆ ಡೆಕ್ಕನ್ ಏರ್‌ವೇಸ್‌ನಲ್ಲಿ ಕೆಲಸ ಪಡೆದ ಪ್ರೇಮ್ ಮಾಥುರ್. 1949ರಲ್ಲಿ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯಿಂದ ತೇರ್ಗಡೆಯಾಗಿ, 1951ರಲ್ಲಿ ಪತಿಯೊಡನೆ ಡವ್ ವಿಮಾನವೊಂದನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದ ಉಷಾ ಸುಂದರಂ. ಅರವತ್ತರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಸೇರಿದ ದುರ್ಬಾ ಬ್ಯಾನರ್ಜಿ. ಜಕ್ಕೂರಿನ ಹೆಸರು ಬಂದಾಗ ಮಾತ್ರ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆ ಇಣುಕುತ್ತಿತ್ತು. “ಇವರೆಲ್ಲ ದಾರಿ ತುಳಿದು ಹೋದಮೇಲೆ ಬಂದವಳು ನಾನು, ನನ್ನನ್ನು ಮೊದಲನೆಯವಳು ಅನ್ನಬೇಡಿ” ಎನ್ನುತ್ತಿದ್ದರು.

ನಾವು ಕಲಿತದ್ದು ಪುಷ್ಪಕ್ ವಿಮಾನದಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1958ರಲ್ಲಿ ಮೊದಲು ಹಾರಿದ, ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ಈ ಪುಟ್ಟ ವಿಮಾನದಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಬೇಕಿತ್ತು. ಮೂರನೆಯ ಚಕ್ರ ಬಾಲದಲ್ಲಿ. ನಮ್ಮ ವಿಮಾನಗಳಲ್ಲಿ ಇಂಟರ್‌ಕಾಮ್ ಎಂಬುದಿರಲಿಲ್ಲ; ಎಂಜಿನ್ನಿನ ಸದ್ದಿನ ಮೇಲೆ ಕೂಗಿಯೇ ಮಾತನಾಡಬೇಕು. ಬೇರೆ ಬೋಧಕರು ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದರೆ ಮೇಡಂ ಹೇಳಬೇಕಾದದ್ದನ್ನೆಲ್ಲ ನೆಲದ ಮೇಲೆಯೇ ಹೇಳಿ ಮುಗಿಸಿ, ಮೇಲೆ ಹೋದಾಗ ಎರಡು ಮೂರು ಪದಗಳಲ್ಲಿ ಕೆಲಸ ಸಾಗಿಸುತ್ತಿದ್ದರು.

ಆ ಎರಡು ಮೂರು ಪದಗಳ ಬೆಲೆ ನನಗೆ ತಿಳಿದದ್ದು ಒಂದು ಮಳೆಗಾಲದ ಬೆಳಿಗ್ಗೆ. ಗಾಳಿಯಲ್ಲಿ ತೇವ ತುಂಬಿಕೊಂಡಿತ್ತು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನೊಳಗೆ ಪೆಟ್ರೋಲ್ ಆವಿಯಾಗುವಾಗ ಗಾಳಿ ಎಷ್ಟು ತಣ್ಣಗಾಗುತ್ತದೆಂದರೆ, ಹೊರಗೆ ಚಳಿಯೇ ಇಲ್ಲದ ದಿನದಲ್ಲಿಯೂ ಅದರ ಗಂಟಲಿನಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ನಿನ ಉಸಿರು ಬಿಗಿಯುತ್ತದೆ. ಪಾಠದಲ್ಲಿ ಓದಿದ್ದೆ, ಕಂಡಿರಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಮುಟ್ಟದಿದ್ದರೂ ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಆರ್‌ಪಿಎಂ ಮುಳ್ಳು ನಿಧಾನವಾಗಿ ಕೆಳಗೆ ಜಾರುತ್ತಿತ್ತು. ಮೇಡಂ ಮುಳ್ಳಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು, ಏನೂ ಹೇಳಲಿಲ್ಲ. ನಾನು ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ‘ಕಾರ್ಬುರೇಟರ್ ಹೀಟ್’ ಗುಂಡಿಯನ್ನು ಹೊರಕ್ಕೆ ಎಳೆದೆ. ಒಡನೆಯೇ ಎಂಜಿನ್ ಸುಧಾರಿಸುವ ಬದಲು ಇನ್ನಷ್ಟು ಕೆಟ್ಟಿತು. ಕೆಮ್ಮಿತು, ನಡುಗಿತು, ಇಡೀ ವಿಮಾನ ಅದರೊಡನೆ ಅಲುಗಾಡಿತು. ಎಳೆದದ್ದನ್ನು ಹಿಂದಕ್ಕೆ ತಳ್ಳಿಬಿಡಲು ಕೈ ತಾನಾಗಿಯೇ ಹೋಗುತ್ತದೆ, ಯಾರ ಕೈಯಾದರೂ. ಮೇಡಂ ನನ್ನ ಕಿವಿಯ ಬಳಿ ಬಗ್ಗಿ, “ನೀರು ಕುಡೀತಾ ಇದೆ, ಕುಡಿಯಲಿ ಬಿಡು” ಎಂದರು. ಕರಗಿದ ಮಂಜು ನೀರಾಗಿ ಎಂಜಿನ್ನಿನ ಮೂಲಕ ಹಾದುಹೋಗುತ್ತಿದ್ದ ಆ ಕೆಲವು ಕ್ಷಣಗಳಲ್ಲಿ ಗುಂಡಿಯನ್ನು ಹಿಂದಕ್ಕೆ ತಳ್ಳಿದವನು ಅರ್ಧ ಕರಗಿದ ಮಂಜನ್ನು ಮತ್ತೆ ಗಟ್ಟಿಯಾಗಲು ಬಿಟ್ಟಂತೆ. ನಾನು ಕಾದೆ. ಕೆಮ್ಮು ನಿಂತಿತು, ಮುಳ್ಳು ಮೇಲೇರಿತು. ಅಷ್ಟು ಹೊತ್ತೂ ಅವರ ಕೈ ಮಡಿಲಿನಿಂದ ಕದಲಲಿಲ್ಲ.

ಇದನ್ನು ಓದಿದವರು ಮೇಡಂ ನಿಶ್ಚಿಂತೆಯಿಂದ ಕೂತಿರುತ್ತಿದ್ದರೆಂದು ಭಾವಿಸಬಾರದು. ಬಾಲದ ಚಕ್ರದ ವಿಮಾನ ನೆಲ ಮುಟ್ಟಿದ ಮೇಲೆಯೇ ಹೆಚ್ಚು ಅಪಾಯಕಾರಿ; ಅದರ ಭಾರ ಮುಖ್ಯ ಚಕ್ರಗಳ ಹಿಂದೆ ಇರುವುದರಿಂದ ಮೂತಿ ತುಸು ಅತ್ತಿತ್ತ ತಿರುಗಿದರೆ ಸಾಕು, ಬಾಲ ಮುಂದೆ ಬರಲು ಹವಣಿಸಿ ವಿಮಾನ ಗಿರಕ್ಕನೆ ಸುತ್ತಿಬಿಡುತ್ತದೆ. ಅದನ್ನು ತಡೆಯಬೇಕಾದದ್ದು ಕಾಲುಗಳಿಂದ, ಬಾಲದ ಚುಕ್ಕಾಣಿಯನ್ನು ತಿರುಗಿಸುವ ರಡ್ಡರ್ ಪೆಡಲ್‌ಗಳ ಮೇಲೆ. ಮೇಡಂ ಕೈಗಳನ್ನಷ್ಟೇ ನೋಡುತ್ತಿದ್ದ ನಮ್ಮಲ್ಲಿ ಒಬ್ಬ ಸಹಪಾಠಿ ಒಂದು ದಿನ ಇಳಿಯುವಾಗ ಆಕಸ್ಮಿಕವಾಗಿ ಅವರ ಪಾದಗಳ ಕಡೆ ನೋಡಿದ. ಬೂಟಿನ ತುದಿಗಳು ಪೆಡಲ್‌ಗಳಿಂದ ಒಂದು ಬೆರಳಿನಷ್ಟು ದೂರದಲ್ಲಿ, ಮುಟ್ಟದೆ, ಆದರೆ ಸಿದ್ಧವಾಗಿ ನಿಂತಿದ್ದವಂತೆ. ಎಲ್ಲಿ ಶಿಷ್ಯನ ತಪ್ಪಿಗೆ ಸಮಯವಿದೆಯೋ ಅಲ್ಲಿ ಅವರು ಬಿಡುತ್ತಿದ್ದರು. ಎಲ್ಲಿ ಒಂದೆರಡು ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೋ ಅಲ್ಲಿ ಕಾವಲಿರುತ್ತಿದ್ದರು. ನನ್ನ ಮಟ್ಟಿಗೆ ಅವರ ವಿದ್ಯೆಯೆಲ್ಲ ಈ ಎರಡರ ನಡುವಿನ ಗೆರೆಯನ್ನು ಗುರುತಿಸುವುದರಲ್ಲಿತ್ತು.

ನೆಲದ ಮೇಲಿನ ಪಾಠಗಳೆಲ್ಲವೂ ಹೀಗೆಯೇ ಇದ್ದವೆಂದರೆ ಸುಳ್ಳಾಗುತ್ತದೆ. ಹವಾಮಾನದ ತರಗತಿಯನ್ನು ಅವರು ಪುಸ್ತಕ ಓದಿಯೇ ಮುಗಿಸುತ್ತಿದ್ದರು, ಹಿಂದಿನ ಬೆಂಚು ತೂಕಡಿಸುತ್ತಿತ್ತು. ಆದರೆ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಮತ್ತು ಸ್ಪಿನ್ (ಅದರಿಂದ ವಿಮಾನ ಗಿರಗಿರನೆ ಸುತ್ತುತ್ತ ಬೀಳುವುದು) ಪಾಠಕ್ಕೆ ಬಂದಾಗ ಕಪ್ಪುಹಲಗೆಯ ಡಸ್ಟರನ್ನೇ ವಿಮಾನ ಮಾಡಿಕೊಂಡು ನಿಲ್ಲುತ್ತಿದ್ದರು. ಎಂಜಿನ್ ನಿಲ್ಲುವುದಕ್ಕೂ ಸ್ಟಾಲ್‌ಗೂ ಸಂಬಂಧವಿಲ್ಲ, ರೆಕ್ಕೆ ಎದುರುಗಾಳಿಗೆ ಮಿತಿಮೀರಿದ ಕೋನದಲ್ಲಿ ನಿಂತಾಗ ಅದರ ಮೇಲೆ ಹರಿಯುವ ಗಾಳಿ ಬಿಟ್ಟುಹೋಗುತ್ತದೆ ಎಂಬುದನ್ನು ಮೊದಲ ದಿನವೇ ತಲೆಗೆ ಹತ್ತಿಸಿದರು. ರನ್‌ವೇ ಕಡೆಗಿನ ಕೊನೆಯ ತಿರುವು ತಡವಾಯಿತೆಂದು ಗಾಬರಿಯಾದ ವಿದ್ಯಾರ್ಥಿ, ವಿಮಾನವನ್ನು ಹೆಚ್ಚು ವಾಲಿಸಲು ಹೆದರಿ, ರಡ್ಡರ್ ಒತ್ತಿ ಮೂತಿ ತಿರುಗಿಸಲು ನೋಡುತ್ತಾನೆ; ಮೂತಿ ಇಳಿಯತೊಡಗಿದಾಗ ಕಂಟ್ರೋಲನ್ನು ಹಿಂದಕ್ಕೆಳೆಯುತ್ತಾನೆ; ಒಳಗಿನ ರೆಕ್ಕೆ ಮೊದಲು ಸೋಲುತ್ತದೆ. ಇಲ್ಲಿಗೆ ಬಂದಾಗ ಡಸ್ಟರ್ ಮಗುಚಿ ಮೇಜಿನ ಮೇಲೆ ದಬ್ಬೆಂದು ಬೀಳುತ್ತಿತ್ತು, ಸೀಮೆಸುಣ್ಣದ ಪುಡಿ ಮುಂದಿನ ಬೆಂಚಿನವರ ಮುಖಕ್ಕೆ. “ಸ್ಪಿನ್‌ನಿಂದ ಹೊರಬರುವುದು ನಿಮಗೆಲ್ಲ ಗೊತ್ತು. ಐನೂರು ಅಡಿಯಲ್ಲಿ ಗೊತ್ತಿದ್ದು ಏನು ಪ್ರಯೋಜನ?” ಎಂದು ಕೇಳುತ್ತಿದ್ದರು.

ಇದಕ್ಕೆ ಅವರು ಕಲಿಸಿದ ಮದ್ದು ಒಂದೇ: ಸರಿ ಬರಲಿಲ್ಲವೆನಿಸಿದರೆ ಇಳಿಯುವುದನ್ನು ಕೈಬಿಟ್ಟು, ಪೂರ್ತಿ ಥ್ರಾಟಲ್ ಕೊಟ್ಟು ಮೇಲೆದ್ದು, ಇನ್ನೊಂದು ಸುತ್ತು ಬರುವುದು. ಹೇಳಲು ಸುಲಭ. ಹ್ಯಾಂಗರ್ ಮುಂದೆ ಗೆಳೆಯರೆಲ್ಲ ನಿಂತು ನೋಡುತ್ತಿರುವಾಗ, ಇಳಿಯಲಾಗದೆ ಮೇಲೆದ್ದನೆಂದು ನಗುತ್ತಾರೆಂಬ ಅಳುಕಿನಿಂದ ಕೆಟ್ಟ ಇಳಿತವನ್ನೂ ಹೇಗಾದರೂ ಮಾಡಿ ಮುಗಿಸಿಬಿಡುವ ಚಪಲ ಎಲ್ಲ ಹೊಸಬರಲ್ಲಿಯೂ ಇರುತ್ತದೆ. ನಮ್ಮ ತಂಡದ ಒಬ್ಬ ಹುಡುಗಿ ಅಡ್ಡಗಾಳಿ ಬೀಸುತ್ತಿದ್ದ ದಿನ ಎರಡು ಬಾರಿ ಹೀಗೆ ಮೇಲೆದ್ದು ಮೂರನೆಯ ಸಲ ಇಳಿದಳು. ಸುತ್ತಲಿದ್ದವರಲ್ಲಿ ಯಾರೋ ಗೇಲಿ ಮಾಡಿದರು. ಮೇಡಂ ಏಕೆ ಮೇಲೆದ್ದೆ ಎಂದು ಅವಳನ್ನು ಕೇಳಲೇ ಇಲ್ಲ. ಗೇಲಿ ಮಾಡಿದವರನ್ನು ಕರೆದು, ಮೊದಲ ಎರಡು ಸಲದಲ್ಲಿ ವಿಮಾನ ಎಲ್ಲಿ ನೆಲ ಮುಟ್ಟುತ್ತಿತ್ತೆಂದು ರನ್‌ವೇ ಪಕ್ಕಕ್ಕೆ ನಡೆಸಿಕೊಂಡು ಹೋಗಿ ತೋರಿಸಿದರು. ಆಮೇಲೆ ನಮ್ಮಲ್ಲಿ ಆ ಬಗೆಯ ನಗು ನಿಂತುಹೋಯಿತು.

1985ರ ನವೆಂಬರಿನಲ್ಲಿ ಕ್ಯಾಪ್ಟನ್ ಸೌದಾಮಿನಿ ದೇಶಮುಖ್ ಮತ್ತು ನಿವೇದಿತಾ ಭಾಸಿನ್ ಕಲ್ಕತ್ತಾದಿಂದ ಸಿಲ್ಚರಿಗೆ ಫೋಕರ್ ಫ್ರೆಂಡ್‌ಶಿಪ್ ವಿಮಾನವನ್ನು ಕೊಂಡೊಯ್ದರು. ಮಹಿಳೆಯರೇ ಸಿಬ್ಬಂದಿಯಾಗಿದ್ದ ಹಾರಾಟವೆಂದು ದೇಶವೆಲ್ಲ ಮಾತಾಡಿತು. ನಾವು ಪತ್ರಿಕೆ ಹಿಡಿದು ಮೇಡಂ ಕೋಣೆಗೆ ಓಡಿದೆವು. ಅವರು ಸುದ್ದಿಯನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು, “ಅವತ್ತು ಸಿಲ್ಚರಿನಲ್ಲಿ ಗಾಳಿ ಎಷ್ಟಿತ್ತು ಅಂತ ಇವರು ಬರೆದೇ ಇಲ್ಲವಲ್ಲ” ಎಂದರು. ಸಂತೋಷವಾಗಿರಲಿಲ್ಲವೆಂದಲ್ಲ; ಆ ಪತ್ರಿಕೆಯನ್ನು ನಮಗೆ ಹಿಂದಿರುಗಿಸಲಿಲ್ಲ.

ಮುಂದೆ ನಾನೂ ಬೋಧಕನಾದೆ. ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದು ಆಗಲೇ ಗೊತ್ತಾದದ್ದು. ಹೊಸ ಹುಡುಗನೊಬ್ಬ ಇಳಿಯುವಾಗ ಇನ್ನೂ ಹತ್ತು ಅಡಿ ಎತ್ತರದಲ್ಲೇ ವಿಮಾನವನ್ನು ಸಮಮಾಡಲು ಹೊರಟಾಗ ಎದೆ ಡವಗುಟ್ಟುತ್ತದೆ. ಕಂಟ್ರೋಲ್ ಕಸಿದುಕೊಂಡರೆ ಇಳಿತ ಸುಖವಾಗುತ್ತದೆ, ಹುಡುಗ ಏನನ್ನೂ ಕಲಿಯುವುದಿಲ್ಲ. ಈಗಿನ ವಿಮಾನಗಳಲ್ಲಿ ಮೂಗಿನ ಚಕ್ರವಿದೆ, ಕಿವಿಗೆ ಹೆಡ್‌ಸೆಟ್ ಇದೆ, ಮಾತಾಡುವುದು ಸುಲಭವಾಗಿದೆ. ಆದ್ದರಿಂದಲೇ ಬೋಧಕರು ಅತಿಯಾಗಿ ಮಾತಾಡುತ್ತಾರೆಂಬುದು ನನ್ನ ದೂರು.

ಮೇಡಂ ಹೆಸರಿನಲ್ಲಿ ಶಾಲೆ ಒಂದು ಪದಕವನ್ನು ಸ್ಥಾಪಿಸಲಿದೆಯೆಂದು ತಿಳಿದು ಸಂತೋಷವಾಯಿತು. ಅದನ್ನು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಒಬ್ಬಂಟಿ ಹಾರಾಟದಲ್ಲಿ, ಯಾರೂ ಹೇಳದೆ, ಇಳಿತ ಸರಿಬರುತ್ತಿಲ್ಲವೆಂದು ತಾವೇ ತೀರ್ಮಾನಿಸಿ ಮೇಲೆದ್ದ ವಿದ್ಯಾರ್ಥಿಗೋ ವಿದ್ಯಾರ್ಥಿನಿಗೋ ಕೊಡಿ. ಪದಕದ ಆಸೆಗೇ ಮೇಲೇಳುವವರು ಹುಟ್ಟಿಕೊಂಡಾರೆಂದು ಒಬ್ಬ ಹಿರಿಯ ಮಿತ್ರರು ನಕ್ಕರು. ಹುಟ್ಟಿಕೊಳ್ಳಲಿ, ಶಾಲೆಗೆ ಆಗುವ ನಷ್ಟ ಒಂದು ಸುತ್ತಿನ ಪೆಟ್ರೋಲ್ ಅಷ್ಟೇ.